ಮಡಚಿದ ಪುಟದಿಂದ

ನಂದಿಬೆಟ್ಟದ ಬುಡದಲ್ಲಿ, ಪಂಚಾಯ್ತಿ ಕಚೇರಿಯ ಬೆನ್ನಿಗೆ
ಅಂಟಿಕೊಂಡ ಒಂದೇ ಕೋಣೆ.
ಹೊರಗಿನ ಬೋರ್ಡು ಬೆಳಿಗ್ಗೆ ಒಂಬತ್ತು ಎನ್ನುತ್ತದೆ.
ನಾನು ತೆರೆಯುವುದು ಮಧ್ಯಾಹ್ನ ಎರಡಕ್ಕೆ.
ಬರೆದುಕೊಳ್ಳಿ ಎಂದೆ, ತಪಾಸಣೆಗೆ ಬಂದ ಸಾಹೇಬರಿಗೆ:
ಈ ಊರು ಏಳುವುದು ರಾತ್ರಿ ಎರಡೂವರೆಗೆ.
ಬೇರೆಯವರ ಸೂರ್ಯೋದಯಕ್ಕೆ
ಜೋಳ ಸುಲಿಯಬೇಕು, ಸೀಬೆ ಹೆಚ್ಚಬೇಕು,
ಗೇಟಿನ ಮುಂದೆ ಸಾಲುಗಟ್ಟಿದ ಬೈಕುಗಳಿಗೆ
ಟಾರ್ಚು ಬೀಸಬೇಕು.
ಸೂರ್ಯ ಹುಟ್ಟಿ, ಫೋಟೋ ಆಗಿ, ಅವರೆಲ್ಲ ಇಳಿದ ಮೇಲೆ
ಇವರು ಒಂದು ನಿದ್ದೆ ತೆಗೆದು, ಮುಖ ತೊಳೆದು,
ಮಸಿ ಹೋಗದ ಉಗುರುಗಳೊಂದಿಗೆ
ಓದಲು ಬರುತ್ತಾರೆ.

ಸರ್ಕಾರ ಕೊಟ್ಟದ್ದು ನಾಲ್ಕು ಬೀರು ಪುಸ್ತಕ.
ಐದನೆಯದು ಬೆಟ್ಟ ಕೊಟ್ಟದ್ದು.
ಮೇಲಿನ ಹೋಟೆಲಿನ ರೂಮ್ ಬಾಯ್ ಗಂಗುಲಪ್ಪ,
ಅತಿಥಿಗಳು ಮರೆತ ಚಾರ್ಜರು ಮ್ಯಾನೇಜರಿಗೆ,
ಒಂಟಿ ಓಲೆ ಮ್ಯಾನೇಜರಿಗೆ,
ಪುಸ್ತಕವನ್ನು ಮಾತ್ರ ಯಾರೂ ಕೇಳರು ಎಂದು
ಒಗೆಯುವ ಬಟ್ಟೆಯ ಗಂಟಿನಲ್ಲಿ ಇಳಿಸಿ ತರುತ್ತಾನೆ.
ರಿಜಿಸ್ಟರಿನಲ್ಲಿ, ದಾನಿಯ ಹೆಸರಿನ ಜಾಗದಲ್ಲಿ ಬರೆಯುತ್ತೇನೆ:
ರೂಮು ಏಳು. ರೂಮು ಹನ್ನೊಂದು.
ಮಂಜು ಕುಡಿದು ಊದಿಕೊಂಡ ಪುಸ್ತಕಗಳು,
ಬಾಗಿಲು ಹಾಕಿದರೆ ಒಳಗಿಂದ ದಬ್ಬುತ್ತವೆ.

ಎಲ್ಲದರಲ್ಲೂ ಒಂದು ಗುರುತು:
ಪುಟದ ಕಿವಿ ಮಡಚಿದ್ದು, ಪೆಟ್ರೋಲಿನ ರಸೀದಿ,
ಒಮ್ಮೆ ಯಾರದೋ ರಕ್ತಪರೀಕ್ಷೆಯ ಚೀಟಿ.
ಅಲ್ಲಿಗೆ ಅವರ ರಜೆ ಮುಗಿದಿತ್ತು.

ಜೋಳ ಸುಡುವ ಪಿಳ್ಳಮುನಿಯಪ್ಪನದು ಬೇರೆಯೇ ಲೆಕ್ಕ.
ಗುರುತಿಟ್ಟಲ್ಲಿಂದಲೇ ಅವನು ಓದುವುದು.
ಮೊದಲಿಂದ ಓದಣ್ಣ ಎಂದರೆ,
"ಅಷ್ಟರ ಗಂಟ ಅವ್ರು ಓದವ್ರಲ್ಲಮ್ಮ.
ಇದ್ದಿಲು ಹತ್ಕೊಂಡಿದ್ರೆ ಮತ್ತೆ ಯಾಕೆ ಕಡ್ಡಿ ಗೀರೋದು?
ಊದಿದ್ರೆ ಸಾಕು."
ಹೀಗೆ ಹದಿಮೂರು ಕಾದಂಬರಿಗಳ ಹಿಂಭಾಗ ಅವನಿಗೆ ಬಾಯಿಪಾಠ.
ಯಾರು ಯಾಕೆ ಅಳುತ್ತಿದ್ದಾರೆ ಎಂದು ತಿಳಿಯದೆಯೇ
ಜೊತೆಗೆ ಅತ್ತಿದ್ದಾನೆ,
ಊಟದ ಹೊತ್ತಿಗೆ ಮದುವೆಮನೆ ಹೊಕ್ಕವನು
ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಕೇಳದ ಹಾಗೆ.

ಕಳೆದ ಮಾಗಿಯಲ್ಲಿ ಒಂದು ಬುಧವಾರ
ಎಟಿಎಂ ಎಲ್ಲಿ ಎಂದು ಕೇಳಲು ಒಬ್ಬಾಕೆ ಒಳಗೆ ಬಂದಳು.
ಕೇಳಿದ್ದು ಮರೆತು ಐದನೆಯ ಬೀರುವಿನ ಮುಂದೆ ನಿಂತಳು.
"ಇದು ನನ್ನದು."
ಹಸಿರು ಬೆನ್ನು, ರಟ್ಟಿಲ್ಲ, ರೂಮು ಏಳು.
"ಅವತ್ತು ನಾವಿಬ್ಬರೂ..." ಎಂದವಳು ಅಲ್ಲಿಗೇ ಬಿಟ್ಟು,
"ಕೊನೆಗೆ ಅವಳು ಆ ಮನೆಗೆ ವಾಪಸು ಹೋದಳಾ?"

ಪಿಳ್ಳಮುನಿಯಪ್ಪ ಎದ್ದು ನಿಂತ, ಪಂಚೆಗೆ ಕೈ ಒರೆಸಿಕೊಂಡ.
"ಹೋಗ್ತಾಳೆ ತಾಯಿ. ಬಾಗಿಲು ಮಾತ್ರ ಬಡಿಯಲ್ಲ.
ಜಗಲಿ ಮೇಲೆ ಕೂತ್ಕೊತಾಳೆ.
ಒಳಗಿಂದ ಅವನು ಕೆಮ್ಮಿದ್ದು ಕೇಳಿಸ್ತದೆ.
ಬದುಕವ್ನೆ ಅಂತ ಗೊತ್ತಾಯ್ತಲ್ಲ,
ಎದ್ದು ಬಸ್ಸಿಗೆ ಬರ್ತಾಳೆ."
"ಬಸ್ಸು ಸಿಗ್ತದಾ?"
"ಸಿಗ್ತದೆ. ಕಿಟಕಿ ಪಕ್ಕದ ಸೀಟು."

ಫ್ಯಾನು ಒಂದೇ ಸಮನೆ ಕಿರುಗುಟ್ಟುತ್ತಿತ್ತು.
ಆ ಪುಸ್ತಕದ ಕೊನೆಯ ಎಂಟು ಹಾಳೆ
ಗಂಟಿನಿಂದ ಕೋತಿ ಎಳೆದು, ಕೋಟೆಗೋಡೆಯ ಮೇಲೆ ಕೂತು
ಒಂದೊಂದಾಗಿ ಹರಿದದ್ದು ನನಗೆ ಗೊತ್ತು.
ಅವನಿಗೂ ಗೊತ್ತು.
ನಾನು ಮೊಹರಿನ ತಾರೀಕು ತಿರುಗಿಸುತ್ತ ಕೂತೆ.

ಅವಳು ಪುಸ್ತಕ ಒಯ್ಯಲಿಲ್ಲ.
ನೂರಾ ನಲವತ್ತೆರಡನೆಯ ಪುಟ ತೆರೆದು
ಮಡಚಿದ ಕಿವಿಯನ್ನು ಬಿಡಿಸಿ,
ಹೆಬ್ಬೆರಳಿನಿಂದ ಎರಡು ಸಲ ತೀಡಿ,
ಇಲ್ಲೇ ಇರಲಿ ಎಂದು ಹೋದಳು.
ಎಟಿಎಂ ಹೇಳುವುದು ನನಗೂ ಮರೆತುಹೋಯಿತು.

ಮರುದಿನ ಗೇಟಿನ ಬಯ್ಯಾರೆಡ್ಡಿ ಅದನ್ನೇ ಆರಿಸಿಕೊಂಡ.
ಹಿಂದೆ ಮುಂದೆ ಮಗುಚಿದ, ಕೊಡವಿದ.
"ಇದರಲ್ಲಿ ಗುರುತೇ ಇಲ್ಲವಲ್ಲ ಮೇಡಂ,
ನಾನು ಎಲ್ಲಿಂದ ಶುರು ಮಾಡ್ಲಿ?"